ಓದು ಬಾರದ ಕಾವಲುಗಾರ

ಪ್ರಿಯ ಲೇಖಕರೇ,

ಡಿಎನ್‌ಎಯ ಇರವನ್ನು ಗ್ರಹಿಸುವ ‘ಸಿ-ಗ್ಯಾಸ್’ ಎಂಬ ರೋಗನಿರೋಧಕ ಪ್ರೋಟೀನಿನ ಕುರಿತ ನಿಮ್ಮ ಲೇಖನ ತಲುಪಿದೆ. ವಿಷಯದ ಆಯ್ಕೆ ಒಳ್ಳೆಯದು, ಭಾಷೆಯಲ್ಲಿ ತಪ್ಪುಗಳಿಲ್ಲ. ಆದರೆ ಎರಡನೆಯ ಪ್ಯಾರಾದ ಮೂರು ವಾಕ್ಯಗಳು ನನ್ನನ್ನು ಎರಡು ದಿನ ಕಾಡಿದ್ದರಿಂದ, ಉಳಿದುದನ್ನು ಬದಿಗಿಟ್ಟು ಅವುಗಳ ಬಗ್ಗೆಯಷ್ಟೇ ಬರೆಯುತ್ತಿದ್ದೇನೆ.

‘ಈ ಕಾವಲುಗಾರ ವೈರಸ್ಸಿನ ಡಿಎನ್‌ಎಯನ್ನು ಓದಿ ಶತ್ರುವನ್ನು ಗುರುತಿಸುತ್ತಾನೆ’ ಎಂದಿದ್ದೀರಿ. ಓದುವ ಮಾತೆಲ್ಲಿ ಬಂತು? ಸಿ-ಗ್ಯಾಸ್ ಹಿಡಿಯುವುದು ಡಿಎನ್‌ಎಯ ಸಕ್ಕರೆ-ಫಾಸ್ಫೇಟ್ ಬೆನ್ನೆಲುಬನ್ನು. ವೈರಸ್ಸಿನದಾದರೂ ನಮ್ಮದಾದರೂ ಅದು ಒಂದೇ ಬಗೆಯದು, ಒಳಗೆ ಮಾಹಿತಿಯನ್ನು ಬರೆದಿಟ್ಟಿರುವ ಎ, ಟಿ, ಜಿ, ಸಿ ಅಕ್ಷರಗಳ ಗೊಡವೆ ಈ ಪ್ರೋಟೀನಿಗಿಲ್ಲ. ಜೀವಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದಿಂದ ಕೋಶದ್ರವಕ್ಕೆ ಸೋರಿದ ನಮ್ಮದೇ ಡಿಎನ್‌ಎ ಸಿಕ್ಕರೂ ಅದು ಎಚ್ಚರಗೊಳ್ಳುತ್ತದೆ. ಕೋಶಕೇಂದ್ರದಲ್ಲಿ ಮಾತ್ರ, ಡಿಎನ್‌ಎ ಸುತ್ತಿಕೊಂಡಿರುವ ಪ್ರೋಟೀನುಗಳಾದ ಹಿಸ್ಟೋನ್‌ಗಳಿಗೆ ಅಂಟಿಕೊಂಡು ಸುಮ್ಮನಿರುತ್ತದೆಂದು 2020ರಲ್ಲಿ ಪ್ರಕಟವಾದ ರಚನೆಗಳು ತೋರಿಸಿವೆ. ಕೋಶದ್ರವದ ಡಿಎನ್‌ಎಯನ್ನು ಕತ್ತರಿಸಿ ಶುಚಿಗೊಳಿಸುವ ಟ್ರೆಕ್ಸ್-1 ಕಿಣ್ವ ಕೆಟ್ಟುಹೋದವರಲ್ಲಿ, ಕತ್ತರಿಸದೆ ಉಳಿದ ಸ್ವಂತ ಡಿಎನ್‌ಎಯೇ ಸಿ-ಗ್ಯಾಸನ್ನು ಎಚ್ಚರಿಸಿ, ಐಕಾರ್ಡಿ-ಗುಟಿಯೇ ಎಂಬ ಉರಿಯೂತದ ಕಾಯಿಲೆ ಏಕೆ ಬರುತ್ತದೆಂದು, ನಿಮ್ಮ ‘ಓದಬಲ್ಲ’ ಕಾವಲುಗಾರನನ್ನು ನಂಬಿದ ಓದುಗರಿಗೆ ಎಂದೂ ಅರ್ಥವಾಗದು.

ಮುಂದಿನ ವಾಕ್ಯ: ‘ಇದರಲ್ಲಿ 522 ಅಮೈನೊ ಆಮ್ಲಗಳೂ ಒಂದು ಸತುವಿನ ಅಯಾನೂ ಇವೆ.’ ಇದ್ದರೆ ಏನಾಯಿತು? ಪ್ರೋಟೀನಿನಲ್ಲಿ ಆ ಸತುವನ್ನು ಹಿಡಿದಿರುವ ಕುಣಿಕೆ ಡಿಎನ್‌ಎಯನ್ನು ಹಿಡಿಯುವುದಕ್ಕೂ ಎರಡು ಸಿ-ಗ್ಯಾಸ್‌ಗಳು ಜೋಡಿಯಾಗುವುದಕ್ಕೂ ನೆರವಾಗುತ್ತದೆ. ಎರಡು ಪ್ರೋಟೀನುಗಳು ಎರಡು ಡಿಎನ್‌ಎ ತುಂಡುಗಳನ್ನು ನಡುವೆ ಹಿಡಿದಾಗ ಅವುಗಳ ಆಕಾರ ಬದಲಾಗಿ, ರಾಸಾಯನಿಕ ಕ್ರಿಯೆ ನಡೆಯುವ ಜಾಗವಾದ ಕ್ರಿಯಾಸ್ಥಾನ ತೆರೆದುಕೊಳ್ಳುತ್ತದೆ. ಡಿಎನ್‌ಎ ಉದ್ದವಿದ್ದರೆ ಇಂಥ ಜೋಡಿಗಳು ಏಣಿಯ ಮೆಟ್ಟಿಲುಗಳಂತೆ ಸಾಲುಗಟ್ಟಿ ಗಟ್ಟಿಯಾಗಿ ನಿಲ್ಲುತ್ತವೆ, ತೀರಾ ಚಿಕ್ಕದಿದ್ದರೆ ನಿಲ್ಲುವುದಿಲ್ಲ. ನೀವು ಸತುವನ್ನು ಸಾಮಾನಿನ ಪಟ್ಟಿಯಲ್ಲಿ ಸೇರಿಸಿ ಕೈತೊಳೆದುಕೊಂಡಿದ್ದೀರಿ.

ಮೂರನೆಯದು, ‘ಬಳಿಕ ಸಂಕೇತವು ರವಾನಿಸಲ್ಪಡುತ್ತದೆ.’ ನಾನು ಬರೆಯಲು ತೊಡಗಿದ ಹೊಸತರಲ್ಲಿ ಕಿಣ್ವವೊಂದರ ಬಗ್ಗೆ ‘ಕ್ರಿಯೆಯು ನಡೆಸಲ್ಪಡುತ್ತದೆ’ ಎಂದು ಬರೆದು ಕೊಟ್ಟಿದ್ದೆ. ಹಿರಿಯ ಸಂಪಾದಕರು ಅದರ ಕೆಳಗೆ ಕೆಂಪು ಶಾಯಿಯಲ್ಲಿ ‘ಯಾರಿಂದ?’ ಎಂದಷ್ಟೇ ಗೀಚಿ ಹಿಂದಿರುಗಿಸಿದರು. ಉತ್ತರ ಹುಡುಕಲು ಕುಳಿತಾಗ ಆ ಕಿಣ್ವವೇ ನನಗೆ ತಿಳಿದಿಲ್ಲವೆಂದು ಗೊತ್ತಾಗಿ, ನಾಚಿಕೆಯಿಂದ ಒಂದು ವಾರ ಅವರ ಕಣ್ಣಿಗೆ ಬೀಳಲಿಲ್ಲ. ಈಗ ಅದೇ ಪ್ರಶ್ನೆಯನ್ನು ನಿಮಗೆ ಕೇಳುತ್ತಿದ್ದೇನೆ. ಜೀವಕೋಶದಲ್ಲಿರುವ ಎಟಿಪಿ ಮತ್ತು ಜಿಟಿಪಿ ಎಂಬ ಅಣುಗಳನ್ನು ಬೆಸೆದು ಸಿ-ಗ್ಯಾಸ್ ತಯಾರಿಸುವ ಉಂಗುರಾಕಾರದ ಪುಟ್ಟ ಅಣು, ಅಂದರೆ ಸಿಜಿಎಎಂಪಿ, ನಿಮ್ಮ ಲೇಖನದಲ್ಲಿ ಎಲ್ಲಿದೆ? ಅದು ಸ್ಟಿಂಗ್ ಎಂಬ ಇನ್ನೊಂದು ಪ್ರೋಟೀನಿಗೆ ಕಟ್ಟಿಕೊಂಡ ಮೇಲಲ್ಲವೇ, ವೈರಸ್ಸಿನ ವಿರುದ್ಧ ಎಚ್ಚರಿಕೆ ಸಾರುವ ಇಂಟರ್‌ಫೆರಾನ್ ಹುಟ್ಟುವ ದಾರಿ ತೆರೆಯುವುದು? ಜೀವರಸಾಯನ ವಿಜ್ಞಾನಿ ಜಿಜಿಯಾನ್ ಚೆನ್ ಅವರ ತಂಡ ಮೊದಲು ಕಂಡುಕೊಂಡದ್ದೂ ಈ ಅಣುವನ್ನೇ. ಅದನ್ನು ತಯಾರಿಸುವವರಾರೆಂದು ಹುಡುಕುತ್ತಾ ಹೋದಾಗ ಸಿ-ಗ್ಯಾಸ್ ಸಿಕ್ಕಿತು.

ಈ ಪ್ಯಾರಾವನ್ನು ಮತ್ತೆ ಬರೆದು ಕಳುಹಿಸಿ. ಕಾವಲುಗಾರನನ್ನು ಬೇಕಿದ್ದರೆ ಉಳಿಸಿಕೊಳ್ಳಿ, ಆದರೆ ಅವನಿಗೆ ಓದು ಬಾರದೆಂದು ಮೊದಲ ವಾಕ್ಯದಲ್ಲೇ ಹೇಳಿಬಿಡಿ.

ಇಂತಿ,
ಸಂಪಾದಕ