ಸಹಿ ಬಿದ್ದ ಮೇಲೆ ಏನಾಗುತ್ತದೆ?

ಪತ್ರ: ನಮ್ಮ ಜಿಲ್ಲೆಯ ವಿಶ್ವವಿದ್ಯಾಲಯ ವರ್ಷಕ್ಕೆ ಹತ್ತಾರು ಒಡಂಬಡಿಕೆಗೆ ಸಹಿ ಹಾಕುತ್ತದೆ, ಫೋಟೊ ಪೇಪರಿನಲ್ಲಿ ಬರುತ್ತದೆ. ಸಂಶೋಧನೆ ಮಾತ್ರ ಕಾಣೆ. ಬೆಂಗಳೂರಿನ ಕೃಷಿ ವಿ.ವಿ. ಬೆಳೆದ ಹಾಗೆ ಇದು ಯಾಕೆ ಬೆಳೆಯುತ್ತಿಲ್ಲ?

ಉತ್ತರ: ಒಡಂಬಡಿಕೆಯಲ್ಲಿ (ಎಂಒಯು) ಸಾಮಾನ್ಯವಾಗಿ ದುಡ್ಡೂ ಇರುವುದಿಲ್ಲ, ಗಡುವೂ ಇರುವುದಿಲ್ಲ. ಕೆಲಸ ಶುರುವಾಗುವುದು ಅದರ ಮುಂದಿನ ಕಾಗದದಿಂದ, ಅಂದರೆ ಯೋಜನಾ ಒಪ್ಪಂದದಿಂದ: ಯಾರು ಏನು ಮಾಡಬೇಕು, ಕಂತು ಯಾವಾಗ, ಉಪಕರಣ ಕೊನೆಗೆ ಯಾರಿಗೆ, ಪೇಟೆಂಟ್ ಯಾರ ಹೆಸರಿಗೆ. ಇದನ್ನು ಬರೆಯಬಲ್ಲವರೇ ಇಲ್ಲದ ಕಡೆ ಒಡಂಬಡಿಕೆ ಫೈಲಿನಲ್ಲೇ ಮಲಗುತ್ತದೆ.

ಕೃಷಿ ವಿ.ವಿ.ಗೂ ಶುರುವಿನಲ್ಲಿ ಅಮೆರಿಕದ ಟೆನೆಸ್ಸಿ ವಿಶ್ವವಿದ್ಯಾಲಯದ ನೆರವಿತ್ತು. ಆದರೆ ಅದು ಬೆಳೆದದ್ದು ಆ ಒಂದು ನೆರವಿನಿಂದಲೇ ಅಲ್ಲ; ಅದರ ರಾಗಿ ಕೆಲಸ ನೋಡಿ. ಮಂಡ್ಯದ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿ ಕೂಡಿಸಿ ಇಂಡಾಫ್ ತಳಿಗಳನ್ನು ತಂದರು. ಬೆಂಕಿರೋಗ ತಡೆಯುವ ಜಿಪಿಯು-28 ಆ ಇಂಡಾಫ್ ವಂಶದ್ದೇ. ಒಬ್ಬರ ತಳಿ ಇನ್ನೊಬ್ಬರ ಕೈಯಲ್ಲಿ ಮುಂದುವರಿಯಬೇಕಾದರೆ ವರ್ಷ ವರ್ಷವೂ ತಾಕು, ಆಳು, ಹಣ ಬೇಕು. ಕೇಂದ್ರದ ಕೃಷಿ ಸಂಶೋಧನಾ ಮಂಡಳಿಯಾದ ಐಸಿಎಆರ್‌ನ ಅಖಿಲ ಭಾರತ ಸಮನ್ವಿತ ಯೋಜನೆಗಳಲ್ಲಿ ಕೃಷಿ ವಿ.ವಿ.ಗಳಿಗೆ ಕೇಂದ್ರದಿಂದ ಶೇ 75, ರಾಜ್ಯದಿಂದ ಶೇ 25 ಬರುತ್ತದೆ. ಮಾಮೂಲಿ ವಿ.ವಿ.ಯ ಪ್ರಾಧ್ಯಾಪಕರಿಗೆ ಸಿಗುವುದು ಹೆಚ್ಚಾಗಿ ಮೂರು ವರ್ಷದ ಯೋಜನೆ. ಅಷ್ಟರಲ್ಲಿ ತಳಿ ಹುಟ್ಟುವುದಿಲ್ಲ.

ಆ ಮೂರು ವರ್ಷವೂ ಪೂರ್ತಿ ಕೈಗೆ ಸಿಗುವುದಿಲ್ಲ ಅನ್ನಿ. ಮೊದಲ ಕಂತು ಬಂದಾಗ ಟೆಂಡರ್ ಕರೆದಿರುವುದಿಲ್ಲ. ಯಂತ್ರ ಬರುವಷ್ಟರಲ್ಲಿ ಮಾರ್ಚ್. ಖರ್ಚಾಗದ ಹಣಕ್ಕೆ ಲೆಕ್ಕ ಕೊಡಬೇಕು, ಬಡ್ಡಿಯನ್ನು ಸರ್ಕಾರಕ್ಕೆ ಕಟ್ಟಬೇಕು. ಬಂದ ಹಣ ಹೇಗೆ ಖರ್ಚಾಯಿತೆಂದು ತೋರಿಸುವ 12-ಎ ನಮೂನೆಯ ಬಳಕೆ ಪ್ರಮಾಣಪತ್ರ ಹಣಕಾಸು ವಿಭಾಗದಲ್ಲಿ ಕೂತರೆ ಮುಂದಿನ ಕಂತು ಅಲ್ಲಿಗೇ ನಿಂತಿತು. ಶಿಷ್ಯವೇತನ ಬಾರದ ಹುಡುಗ ಬೇರೆ ಕೆಲಸ ಹುಡುಕಿಕೊಂಡು ಹೋಗುತ್ತಾನೆ. ನಮ್ಮ ಮಟ್ಟಿಗೆ ಹೇಳುವುದಾದರೆ, ಹೊಸ ಕಟ್ಟಡಕ್ಕಿಂತ ಮೊದಲು ಯೋಜನೆಗಳಿಗೇ ಮೀಸಲಾದ ಒಬ್ಬ ಲೆಕ್ಕಿಗ ಬೇಕು.

ಕಂಪನಿಯ ಜೊತೆ ಕೆಲಸವಾದರೆ ಒಪ್ಪಂದದಲ್ಲಿ ಬರೆದ ಮಾತೇ ದುಡ್ಡು. ಕಾನೂನಿನಿಂದ ಸ್ಥಾಪಿತವಾದ ವಿ.ವಿ. ಪಡೆಯುವ ಸಂಶೋಧನಾ ಅನುದಾನಕ್ಕೆ 2024ರ ಅಕ್ಟೋಬರಿನಿಂದ ಜಿಎಸ್‌ಟಿ ಇಲ್ಲ. ಸಲಹಾ ಶುಲ್ಕಕ್ಕೆ ಶೇ 18 ಇದೆ. 'ತೆರಿಗೆ ಸೇರಿ 10 ಲಕ್ಷ' ಎಂದು ಬರೆದುಕೊಟ್ಟರೆ ಸುಮಾರು 1.53 ಲಕ್ಷ ವಿ.ವಿ.ಯ ಗಂಟಿನಿಂದಲೇ ಹೋಗುತ್ತದೆ.

ಪೇಟೆಂಟಿನಲ್ಲಿ ಕೆಡುವುದು ಆತುರದಿಂದ. ಪ್ರಬಂಧ ಅಚ್ಚಾದ ಮೇಲೆ ಅರ್ಜಿ ಹಾಕಿದರೆ ಪೇಟೆಂಟಿಗೆ ಬೇಕಾದ ಹೊಸತನ ಕಳೆದುಹೋಗಿರುತ್ತದೆ. ಮೊದಲು ತಾತ್ಕಾಲಿಕ ವಿವರಣೆಯೊಡನೆ ಅರ್ಜಿ ಹಾಕಿ, ಆಮೇಲೆ ಪ್ರಕಟಿಸಿ, 12 ತಿಂಗಳೊಳಗೆ ಪೂರ್ಣ ವಿವರಣೆ ಕೊಟ್ಟರೆ ಪ್ರಬಂಧ, ಪೇಟೆಂಟ್ ಎರಡೂ ಉಳಿಯುತ್ತವೆ.

ನಿಮ್ಮ ವಿ.ವಿ.ಯ ಸ್ಥಿತಿ ತಿಳಿಯಬೇಕಿದ್ದರೆ ಮಾಹಿತಿ ಹಕ್ಕಿನಡಿ ಮೂರೇ ಸಂಗತಿ ಕೇಳಿ: ಕಳೆದ ಐದು ವರ್ಷದ ಒಡಂಬಡಿಕೆಗಳಲ್ಲಿ ಎಷ್ಟಕ್ಕೆ ಯೋಜನಾ ಒಪ್ಪಂದವಾಗಿದೆ, ಪ್ರತಿಯೊಂದಕ್ಕೂ ಬಂದ ಹಣವೆಷ್ಟು, ಬಾಕಿ ಇರುವ ಬಳಕೆ ಪ್ರಮಾಣಪತ್ರ ಎಷ್ಟು. ಉತ್ತರಕ್ಕೆ 30 ದಿನದ ಗಡುವಿದೆ. ಬಂದರೆ ನಮಗೂ ಒಂದು ಪ್ರತಿ ಕಳಿಸಿ.
— ಸಂ.