ಕಾಮರ್ಸ್ ಓದಿದವಳು ಪೈಲಟ್ ಆಗಬಹುದೇ?

ಪ್ರಶ್ನೆ: ಮಗಳು ಉಡುಪಿಯಲ್ಲಿ ದ್ವಿತೀಯ ಪಿಯು ಕಾಮರ್ಸ್ ಮುಗಿಸಿದ್ದಾಳೆ. ಅಮೆರಿಕದ ಕಮ್ಯುನಿಟಿ ಕಾಲೇಜಿನಲ್ಲಿ ಪೈಲಟ್ ಕೋರ್ಸ್ ಮಾಡಿದರೆ ಇಲ್ಲಿ ಕೆಲಸ ಸಿಗುತ್ತದೆಯೇ?
– ಓದುಗರು, ಮಲ್ಪೆ

ಉತ್ತರ: ಅಲ್ಲಿನ ಲೈಸೆನ್ಸ್ ಇಲ್ಲಿ ನೇರವಾಗಿ ನಡೆಯದು, ಡಿಜಿಸಿಎ (ಭಾರತದ ನಾಗರಿಕ ವಿಮಾನಯಾನ ನಿಯಂತ್ರಕ ಸಂಸ್ಥೆ) ಪರೀಕ್ಷೆ ಬರೆದು ಭಾರತದ ಲೈಸೆನ್ಸ್ ಪಡೆಯಬೇಕು. ಅದಕ್ಕೆ ಪಿಯು ಮಟ್ಟದ ಫಿಸಿಕ್ಸ್, ಗಣಿತ ಕೇಳುತ್ತಾರೆ. ಎರಡನ್ನೂ ರಾಷ್ಟ್ರೀಯ ಮುಕ್ತ ಶಾಲೆಯಾದ ಎನ್‌ಐಓಎಸ್‌ನಲ್ಲಿ ಕಟ್ಟಿ ಬರೆಯಲಿ.

ಫೀಸು ಕಟ್ಟುವ ಮುನ್ನ ಮೆಡಿಕಲ್ ಮಾಡಿಸಲೇಬೇಕು: ಮೊದಲು ಆರಂಭಿಕ ಹಂತದ ಕ್ಲಾಸ್ 2 ತಪಾಸಣೆ, ಆಮೇಲೆ ವಾಣಿಜ್ಯ ಪೈಲಟ್ ಆಗಲು ಬೇಕಾದ, ಹೆಚ್ಚು ಕಟ್ಟುನಿಟ್ಟಿನ ಕ್ಲಾಸ್ 1. ಬಣ್ಣ ಗುರುತಿಸುವ ದೋಷವಿದ್ದರೆ ಆಗಲೇ ತಿಳಿಯುತ್ತದೆ. ಕನ್ನಡಕವಿದೆಯೆಂದು ಹೆದರಬೇಡಿ.

ಹಲವರು ಎಡವುವುದು ಹಾರಾಟದ ಗಂಟೆಗಳ ಲೆಕ್ಕದಲ್ಲಿ. ಅಮೆರಿಕದ ಪಾರ್ಟ್ 141 ಕೋರ್ಸ್ (ಅಲ್ಲಿನ ವಿಮಾನಯಾನ ಇಲಾಖೆ ಒಪ್ಪಿದ ಪಠ್ಯಕ್ರಮದ ತರಬೇತಿ) 190 ಗಂಟೆಗೇ ಮುಗಿಯಬಹುದು; ಡಿಜಿಸಿಎಗೆ 200 ಬೇಕು, ಅದರಲ್ಲಿ 100 ಗಂಟೆ ಪೈಲಟ್-ಇನ್-ಕಮಾಂಡ್ (ವಿಮಾನದ ಹೊಣೆ ಹೊತ್ತ ಪೈಲಟ್) ಆಗಿ. ಕೊರತೆಯನ್ನು ಅಲ್ಲೇ ತುಂಬಿಸಿಕೊಂಡು, ರಾತ್ರಿ ಹಾರಾಟ ಸೇರಿದಂತೆ ಎಲ್ಲವನ್ನೂ ಲಾಗ್‌ಬುಕ್‌ನಲ್ಲಿ ಬರೆದು ಸಹಿ ಹಾಕಿಸಿಕೊಂಡೇ ಊರಿಗೆ ಹೊರಡಲಿ.