2147483647 ಅವಿಭಾಜ್ಯ ಅಂತ ಕೈಲೆಕ್ಕದಲ್ಲೇ ಗೊತ್ತಾಗಿದ್ದು ಹೇಗೆ?

ಗಣಿತಜ್ಞ ಆಯ್ಲರ್ 1772ರಲ್ಲೇ 2147483647 ಅವಿಭಾಜ್ಯ ಅಂತ ತೋರಿಸಿದರಂತೆ, ಕಂಪ್ಯೂಟರ್ ಇಲ್ಲದೆ ಅಷ್ಟೊಂದು ಭಾಗಾಕಾರ ಮಾಡೋಕೆ ಹೇಗೆ ಸಾಧ್ಯ ಅಂತ ಕೇಳಿದ್ದೀರಿ. ನನಗೆ ತುಂಬಾ ಇಷ್ಟವಾದ ಸಂಖ್ಯೆ ಇದು.

ಇದರ ವರ್ಗಮೂಲ 46340ಕ್ಕಿಂತ ಸ್ವಲ್ಪ ಜಾಸ್ತಿ. ಭಾಗಿಸುವ ಸಂಖ್ಯೆ ಇದ್ದರೆ ಒಂದಾದರೂ ವರ್ಗಮೂಲದೊಳಗೇ ಸಿಗಬೇಕು, ಹಾಗಾಗಿ ಅಲ್ಲಿಯವರೆಗೆ ನೋಡಿದರೆ ಸಾಕು. ಆದರೂ ಅಲ್ಲಿಯವರೆಗೆ 4700ಕ್ಕೂ ಹೆಚ್ಚು ಅವಿಭಾಜ್ಯಗಳಿವೆ. ಎಲ್ಲದರಿಂದ ಭಾಗಿಸುತ್ತಾ ಕೂತರೆ ಕಷ್ಟವೇ. ಆದರೆ ಈ ಸಂಖ್ಯೆಗೆ ಒಂದು ಆಕಾರ ಇದೆ: ಇದು 2ರ 31ನೇ ಘಾತದಲ್ಲಿ 1 ಕಡಿಮೆ. ಗುಟ್ಟೆಲ್ಲ ಅಲ್ಲೇ ಇರೋದು.

ಪ ಎಂಬ ಅವಿಭಾಜ್ಯ ಇದನ್ನು ಭಾಗಿಸುತ್ತದೆ ಅಂದುಕೊಳ್ಳಿ. ಆಗ 2, 4, 8, 16 ಅಂತ ಘಾತ ಏರಿಸುತ್ತಾ ಹೋಗಿ ಪ-ಯಿಂದ ಭಾಗಿಸಿದರೆ, 31ನೇ ಹೆಜ್ಜೆಯಲ್ಲಿ ಶೇಷ 1 ಬರಬೇಕು. 31 ತಾನೇ ಅವಿಭಾಜ್ಯ ಆಗಿರುವುದರಿಂದ ಅದಕ್ಕೂ ಮೊದಲು 1 ಬರುವ ಹಾಗಿಲ್ಲ. ಮುಂದೆಯೂ ಸರಿಯಾಗಿ 31 ಹೆಜ್ಜೆಗೊಮ್ಮೆ ಮಾತ್ರ 1 ಬರುತ್ತದೆ. ಇತ್ತ ಗಣಿತಜ್ಞ ಫರ್ಮಾ ಕೊಟ್ಟ ನಿಯಮದ ಪ್ರಕಾರ, ಪ ಯಾವ ಬೆಸ ಅವಿಭಾಜ್ಯ ಆಗಿದ್ದರೂ (ಪ−1)ನೇ ಹೆಜ್ಜೆಯಲ್ಲೂ ಶೇಷ 1. ಅಂದರೆ ಪ−1 ಅನ್ನೋದು 31ರ ಗುಣಕ ಆಗಲೇಬೇಕು. ಪ ಬೆಸ, ಹಾಗಾಗಿ ಪ−1 ಸಮ. ಕೊನೆಗೆ 62ರ ಗುಣಕಕ್ಕೆ 1 ಸೇರಿಸಿದ ಸಂಖ್ಯೆಗಳು ಮಾತ್ರ ಉಳಿದವು!

ನಂಬಿಕೆ ಬರದಿದ್ದರೆ ಚಿಕ್ಕದರಲ್ಲಿ ನೋಡಿ. 2ರ 11ನೇ ಘಾತದಲ್ಲಿ 1 ಕಳೆದರೆ 2047. ಅದು ಅವಿಭಾಜ್ಯ ಅಲ್ಲ, 23 × 89. ಇಲ್ಲಿ 23 ಅಂದರೆ 22+1, 89 ಅಂದರೆ 88+1. ಎರಡೂ 22ರ ಗುಣಕಕ್ಕೆ 1 ಸೇರಿಸಿದವೇ.

ಇನ್ನೊಂದು ಜರಡಿ ಇದೆ. 2ರ 31ನೇ ಘಾತ ಶೇಷ 1 ಕೊಟ್ಟರೆ 32ನೇ ಘಾತ ಶೇಷ 2 ಕೊಡುತ್ತದೆ. 32ನೇ ಘಾತ ಅಂದರೆ 65536ರ ವರ್ಗ, ಅಲ್ವಾ? ಒಂದು ವರ್ಗಸಂಖ್ಯೆ ಶೇಷ 2 ಕೊಡಬೇಕಾದರೆ, ಇನ್ನೊಂದು ನಿಯಮದ ಪ್ರಕಾರ (ಅದರ ಸಾಧನೆ ಇಲ್ಲಿ ಬೇಡ) ಪ-ಯನ್ನು 8ರಿಂದ ಭಾಗಿಸಿದಾಗ 1 ಅಥವಾ 7 ಉಳಿಯಬೇಕು. ಇದೂ ಸೇರಿದರೆ, 248ರಿಂದ ಭಾಗಿಸಿದಾಗ 1 ಅಥವಾ 63 ಉಳಿಯುವ ಸಂಖ್ಯೆಗಳಷ್ಟೇ ಸಾಕು. 46340ರೊಳಗೆ ಅಂಥವು, 1 ಮತ್ತು 63 ಬಿಟ್ಟು, 372. ಅದರಲ್ಲೂ ಅವಿಭಾಜ್ಯ ಅಲ್ಲದವನ್ನು ಕೈಬಿಡಬಹುದು. ಆ ಹೊತ್ತಿಗೆ ಆಯ್ಲರ್‌ಗೆ ಹೆಚ್ಚುಕಡಿಮೆ ಕಣ್ಣೇ ಕಾಣುತ್ತಿರಲಿಲ್ಲ. ಅದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ನಾನೂ ಕಾಗದದ ಮೇಲೆ ಶುರು ಮಾಡಿ ನೋಡಿದೆ. 249 ಅಂದರೆ 3 × 83, ಬೇಡ. 311 ಅವಿಭಾಜ್ಯ. ಭಾಗಿಸಿದರೆ 6905092 ಸಲ ಹೋಗಿ 35 ಉಳಿಯಿತು. ಆಮೇಲೆ 497, 559, 745, 807, 993, 1055, 1241, ಎಲ್ಲವೂ ಒಡೆದುಹೋಗುವ ಸಂಖ್ಯೆಗಳೇ. ಸೀದಾ 1303ಕ್ಕೆ ಹಾರಿದೆ, ಶೇಷ 226 ಬಂತು. 1300 ದಾಟಿಯಾಯ್ತು, ನಿಜವಾಗಿ ಮಾಡಿದ್ದು ಎರಡೇ ಭಾಗಾಕಾರ! ಮುಂದಿನದು 1489. ಅದನ್ನು ನೀವು ಭಾಗಿಸಿ ನೋಡಿ.